ಅತ್ತಿಗೆಯ ಉದ್ದ ಬೆರಳು

ನಮ್ಮ ಅತ್ತಿಗೆಯ ಕಾಲಿನಲ್ಲಿ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಉದ್ದವಾಗಿತ್ತು. ಹತ್ತಿರ ಕೂತು ನೋಡಿದರೆ ಕಾಣುವಷ್ಟಲ್ಲ, ಎದ್ದು ಕಾಣುವಷ್ಟು. ಅವರು ಹೊಸಿಲು ದಾಟುವಾಗ ಆ ಬೆರಳೇ ಎಲ್ಲಕ್ಕಿಂತ ಮೊದಲು ಮನೆಯೊಳಗೆ ಬರುತ್ತಿತ್ತು. ಅದರ ಬುಡದಲ್ಲಿ ಎರಡು ಸುತ್ತಿನ ಬೆಳ್ಳಿ ಕಾಲುಂಗುರ. ಕೊಟ್ಟಿಗೆಯ ಸಗಣಿ, ಟೊಮೇಟೊ ತೋಟದ ಕೆಂಪು ಮಣ್ಣು, ಅರಿಶಿನ ಎಲ್ಲ ಆ ಸುತ್ತುಗಳ ಸಂದಿಯಲ್ಲಿ ಸೇರಿಕೊಂಡು, ಅದು ಬೆಳ್ಳಿ ಅನ್ನುವುದೇ ಮರೆತುಹೋಗುವಂಥ ಬಣ್ಣ ಬಂದಿತ್ತು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಹಬ್ಬ ಮುಗಿಯುವವರೆಗೆ ಹೊಳೆಯುತ್ತಿತ್ತು, ಆಮೇಲೆ ಮತ್ತೆ ಮಣ್ಣು.

ಅಣ್ಣನಿಗೆ ಹೆಣ್ಣು ನೋಡಲು ಶ್ರೀನಿವಾಸಪುರದ ಕಡೆ ಹೋದಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಮಾವಿನ ತೋಪಿನ ನಡುವೆ ಮನೆ. ಹುಡುಗಿ ತಟ್ಟೆ ಹಿಡಿದು ಬಂದಾಗ ಎಲ್ಲರೂ ಮುಖ ನೋಡಿದರು, ನಮ್ಮಮ್ಮ ಮಾತ್ರ ಕಾಲು ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಮುಖ ಗಂಟು ಹಾಕಿಕೊಂಡು, ಪಕ್ಕದ ಬೆರಳು ಉದ್ದ ಇರೋಳು ಗಂಡನ್ನ ಆಳ್ತಾಳೆ, ಈ ಸಂಬಂಧ ಬೇಡ ಅಂದರು. ಅಣ್ಣ ಕಿಟಕಿಯ ಆಚೆ ನೋಡುತ್ತಲೇ, "ಆಳ್ಲಿ ಬಿಡಮ್ಮ, ನಂಗೂ ಯಾರಾದ್ರೂ ಹೇಳೋರು ಬೇಕಲ್ಲ" ಅಂದ. ಅಣ್ಣ ಹೆಚ್ಚು ಮಾತಾಡುವವನಲ್ಲ. ಆ ಒಂದು ಮಾತಿನಲ್ಲಿ ಮದುವೆ ನಿಶ್ಚಯವಾಯಿತು.

ಅತ್ತಿಗೆ ನಮ್ಮ ಊರಿಗೆ ಬಂದರು. ಮಾಲೂರು ತಾಲೂಕಿನಲ್ಲಿ, ಲಕ್ಕೂರು ದಾಟಿ ಒಳಗೆ ಹೋದರೆ ನಮ್ಮ ಊರು. ಅವರ ತವರಿನಲ್ಲಿ ಮನೆಮಾತು ತೆಲುಗು. ನಮ್ಮಲ್ಲಿ ಕನ್ನಡ, ಆದರೆ ತೆಲುಗು ಬಾರದವರು ಯಾರೂ ಇಲ್ಲ. ಅವರು ಎಷ್ಟು ವರ್ಷವಾದರೂ ಹಸುಗಳ ಹತ್ತಿರ ತೆಲುಗು, ಮನುಷ್ಯರ ಹತ್ತಿರ ಕನ್ನಡ ಅಂತಲೇ ಇದ್ದರು. ದೇವರ ಹತ್ತಿರ ಯಾವುದು ಅಂತ ನಾನು ಒಮ್ಮೆ ರೇಗಿಸಿದ್ದಕ್ಕೆ, ದೇವರಿಗೂ ಹಸುವಿಗೂ ಬಾಯಿಲ್ಲ, ಇಬ್ಬರಿಗೂ ತೆಲುಗೇ ಸಾಕು ಅಂದಿದ್ದರು. ನನ್ನನ್ನು ಕೊನೆಯವರೆಗೂ ಕರೆದದ್ದು 'ಮರಿದಿ' ಅಂತ. ಮೈದುನನಿಗೆ ತೆಲುಗಿನಲ್ಲಿ ಹಾಗನ್ನುತ್ತಾರೆ. ಏನೇ ನಷ್ಟವಾಗಲಿ, ಹಾಲು ಒಡೆಯಲಿ, ಟೊಮೇಟೊ ರೇಟು ಬಿದ್ದು ರಸ್ತೆಗೆ ಸುರಿದು ಬರಲಿ, ಅವರು ಒಂದು ಉಸಿರು ಬಿಟ್ಟು "ಪೋನೀಲೇ" ಅನ್ನುತ್ತಿದ್ದರು. ಹೋಗಲಿ ಬಿಡು ಅಂತ. ಆ ಮಾತಿನ ಲಾಭವನ್ನು ಈ ಲೋಕದಲ್ಲಿ ನನ್ನಷ್ಟು ಯಾರೂ ಪಡೆದಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಡೆದದ್ದನ್ನು ಮೊದಲು ಹೇಳಬೇಕು.

ಸ್ಕೂಲಿಗೆಂದು ಹೊರಟು ನಾನು ಮಾಲೂರಿನ ಟೆಂಟಿನಲ್ಲಿ ಸಿನಿಮಾ ನೋಡಿ ಬರುತ್ತಿದ್ದೆ. ಅದು ಅತ್ತಿಗೆಗೆ ಗೊತ್ತಾಗಿ, ಅವರು ಅಣ್ಣನಿಗೆ ಹೇಳಿದರು. ಅಣ್ಣ ಕೆನ್ನೆಗೆ ಒಂದು ಬಿಟ್ಟ. ನಾನು ಅತ್ತಿಗೆಯ ಮೇಲಿನ ಸಿಟ್ಟಿಗೆ, ಅವರು ಎದುರಿಗೆ ನಿಂತಿದ್ದಂತೆಯೇ, ಬರಿಗಾಲಲ್ಲಿ ಹೊಸಿಲಿಗೆ ಒದ್ದೆ. ಒಣಕಡ್ಡಿ ಮುರಿದ ಸದ್ದಾಯಿತು. ಕಿರುಬೆರಳು ಪಕ್ಕಕ್ಕೆ ವಾಲಿತ್ತು.

ನಮ್ಮ ಮನೆಯಲ್ಲಿ ಹೊಸಿಲು ತುಳಿಯುವುದೇ ತಪ್ಪು. ಒದೆಯುವುದೆಂದರೆ ಲಕ್ಷ್ಮಿಯನ್ನು ಒದ್ದಂತೆ. ಅಮ್ಮ ಹಿತ್ತಲಿನಿಂದ ಓಡಿ ಬಂದು ಏನಾಯಿತು ಅಂತ ಕೇಳಿದರು. ಅತ್ತಿಗೆ, "ಒನಕೆ ಜಾರಿಬಿಡ್ತು ಅತ್ತೆ, ನನ್ನ ಕೈಯಿಂದಾನೇ" ಅಂದರು. ಒನಕೆ ಆಗ ಅಟ್ಟದ ಪಕ್ಕದಲ್ಲಿ ಒರಗಿಕೊಂಡು ನಿಂತಿತ್ತು, ಆವತ್ತು ಅದನ್ನು ಯಾರೂ ಮುಟ್ಟಿರಲೇ ಇಲ್ಲ. ಅಮ್ಮ ಅದನ್ನು ನೋಡಲಿಲ್ಲ. ಉದ್ದ ಬೆರಳಿನವಳು ಕಾಲಿಟ್ಟ ಮೇಲೆ ಈ ಮನೆಯಲ್ಲಿ ಒಂದಲ್ಲ ಒಂದು ಅಂತ ಶುರು ಮಾಡಿದವರು ಸಂಜೆಯವರೆಗೂ ನಿಲ್ಲಿಸಲಿಲ್ಲ. ಅತ್ತಿಗೆ ನನ್ನ ಕಾಲಿನ ಕೆಳಗೆ ದಿಂಬು ಇಟ್ಟು, ಬೈಸಿಕೊಳ್ಳುತ್ತಲೇ ರಾಗಿ ಬೀಸಿದರು.

ಮಾರನೆಯ ದಿನ ಅವರೇ ನನ್ನನ್ನು ಮಾಲೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ದೊಡ್ಡ ಕಟ್ಟು ಹಾಕುತ್ತಾರೆ, ಸ್ಕೂಲು ತಪ್ಪುತ್ತದೆ ಅಂತ ನಾನು ಒಳಗೊಳಗೇ ಖುಷಿಯಲ್ಲಿದ್ದೆ. ಅವರು ಮುರಿದ ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ತುಂಡು ಹತ್ತಿ ಇಟ್ಟು, ಎರಡನ್ನೂ ಸೇರಿಸಿ ಪ್ಲಾಸ್ಟರ್ ಪಟ್ಟಿ ಸುತ್ತಿದರು. ಅಷ್ಟೇ. ಅತ್ತಿಗೆ ನಂಬಲಿಲ್ಲ. ಇಷ್ಟೇನಾ ಸ್ವಾಮಿ ಅಂದರು. ಡಾಕ್ಟರು ನಕ್ಕು, ಕಾಲಿನ ಸಣ್ಣ ಬೆರಳು ಮುರಿದರೆ ಅದಕ್ಕೆ ಪಕ್ಕದ ಬೆರಳೇ ದಬ್ಬೆ, ಕಾಲು ಎತ್ತರದಲ್ಲಿ ಇಟ್ಟುಕೊಳ್ಳಲಿ, ಪಟ್ಟಿ ಬಿಗಿಯಾಗದಂತೆ ನೋಡಿಕೊಳ್ಳಿ ಅಂದರು. ಬಿಗಿಯಾಗಿದ್ದು ಹೇಗೆ ಗೊತ್ತಾಗುತ್ತದೆ ಅಂತ ಅತ್ತಿಗೆ ಕೇಳಿದರು. ಆಗ ಡಾಕ್ಟರು ನನ್ನ ಬೆರಳಿನ ಉಗುರನ್ನು ಒತ್ತಿ ಹಿಡಿದು ಬಿಟ್ಟು ತೋರಿಸಿದರು. ಒತ್ತಿದಾಗ ಬಿಳಿಚಿಕೊಳ್ಳುತ್ತದೆ, ಬಿಟ್ಟ ತಕ್ಷಣ ಕೆಂಪು ತಿರುಗಿ ಬರಬೇಕು, ಬರಲಿಲ್ಲ ಅಂದರೆ ಕಟ್ಟು ಬಿಚ್ಚಿ ಓಡಿ ಬನ್ನಿ ಅಂದರು.

ಅಂದಿನಿಂದ ಆ ಬೆರಳು ಕೂಡಿಕೊಳ್ಳುವವರೆಗೂ ಅತ್ತಿಗೆ ಬೆಳಿಗ್ಗೆ ಹಾಲು ಕರೆದು ಬಂದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಉಗುರು ಒತ್ತುವರು, ಬಿಡುವರು, ಬಗ್ಗಿ ನೋಡುವರು. "ವಚ್ಚಿಂದಿ" ಅನ್ನುವರು. ಬಂತು ಅಂತ. ರಕ್ತ ಬಂತು ಅಂತ. ನಾನು ಅವರ ಮೇಲಿನ ಸಿಟ್ಟಿಗೆ ಬೆರಳು ಮುರಿದುಕೊಂಡವನು. ಅವರು ಒಂದು ದಿನವೂ ಆ ಮಾತು ಎತ್ತಲಿಲ್ಲ.

ಆ ಬೆರಳಿನಿಂದ ನಾನು ಕಲಿತದ್ದು ಅರ್ಧ ಅಂತ ಗೊತ್ತಾಗಲು ನಾನು ಮುದುಕನಾಗಬೇಕಾಯಿತು.

ಎಸ್ಸೆಸ್ಸೆಲ್ಸಿ ಪಾಸಾಗಿ ನಾನು ಮಾಲೂರಿನ ಒಂದು ಹೆಂಚಿನ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿ ಕೆಲಸ ಮಾಡಿದೆ. ಹೆಂಚು ಕಾಲ ಮೇಲೆ ಬೀಳುವುದು ಅಲ್ಲಿ ಮಾಮೂಲು. ಯಾರ ಬೆರಳು ಜಜ್ಜಿದರೂ ನಾನು ಹತ್ತಿ ಇಟ್ಟು, ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತುತ್ತಿದ್ದೆ. ಎಲ್ಲರದ್ದೂ ಹೇಗೋ ವಾಸಿಯಾಯಿತು. ಕೂಲಿಯವರು ನನ್ನನ್ನು ಬೆರಳು ಡಾಕ್ಟರು ಅಂತ ತಮಾಷೆ ಮಾಡುತ್ತಿದ್ದರು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ ಅಂತ ಈಗ ಅನ್ನಿಸುತ್ತದೆ. ಒಳಗೆಲ್ಲೋ ಅದು ಬಿರುದಾಗಿ ಕೂತಿತ್ತು.

ಫ್ಯಾಕ್ಟರಿ ಮುಚ್ಚಿತು, ನನ್ನ ಹೆಂಡತಿ ತೀರಿಕೊಂಡಳು, ನನಗೆ ಮಕ್ಕಳಿರಲಿಲ್ಲ. ನನ್ನ ಮನೆಗೂ ಅಣ್ಣನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಅತ್ತಿಗೆ ಒಂದು ಬಾಗಿಲು ಇಡಿಸಿದರು. ಹಿತಕಿದ ಬೇಳೆ ಸಾರು ಮಾಡಿದ ದಿನ ಆ ಬಾಗಿಲನ್ನು ತಟ್ಟದೆಯೇ ತೆರೆಯುತ್ತಿದ್ದರು. ಅವರಿಗೆ ಆಗ ಸಕ್ಕರೆ ಕಾಯಿಲೆ. ನನ್ನೆದುರು ಕೂತು ಸಕ್ಕರೆ ಹಾಕಿದ ಟೀ ಕುಡಿದು, ಮಗಳಿಗೆ ಹೇಳಬೇಡ ಕಣಯ್ಯ ಅನ್ನುತ್ತಿದ್ದರು. ಮಗಳು ಒಬ್ಬಳೇ. ಮುಳಬಾಗಿಲಿನಲ್ಲಿ ಮದುವೆಯಾಗಿ, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದಾಳೆ. ಕಾಲು ಹತ್ತಿಯ ಮೇಲೆ ಇಟ್ಟ ಹಾಗೆ ಆಗುತ್ತದೆ, ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ ಅಂತ ಅತ್ತಿಗೆ ನನಗೆ ಎಷ್ಟೋ ಸಲ ಹೇಳಿದ್ದರು. ಆ ಮಾತಿನ ಅರ್ಥ ಏನು ಅಂತ ಬೆರಳು ಡಾಕ್ಟರು ಯೋಚಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ಅಣ್ಣನಿಗೆ ಎದೆನೋವು ಬಂತು. ಕೋಲಾರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಮಗಳು ಬಂದು ಅಪ್ಪನ ಹತ್ತಿರ ಉಳಿದಳು. ಹಸುಗಳನ್ನು ಬಿಟ್ಟು ಹೋಗಲಾಗದೆ ಅತ್ತಿಗೆ ಆ ಒಂದು ರಾತ್ರಿ ಊರಿನಲ್ಲೇ ಇದ್ದರು. ಬೆಳಗಾಗುವಾಗ ಹಾಲು ಕರೆಯಲು ಕೂತರು. ನರಸಾಪುರಕ್ಕೆ ಹೋಗುವ ಕಂಪನಿ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಅವರು ಕರೆಯುತ್ತಿದ್ದ ದೊಡ್ಡ ಸೀಮೆ ಹಸು ಸದ್ದಿಗೆ ಬೆದರುತ್ತದೆ ಅಂತ ನಾನು ಅದರ ಮೂಗುದಾರ ಹಿಡಿದು ನಿಂತಿದ್ದೆ. ಆಗ ನನ್ನ ಫೋನು ಬಂತು. ಕೋಲಾರದಿಂದ ಅಂತ ನಾನು ದಾರ ಬಿಟ್ಟು ಜೇಬಿಗೆ ಕೈ ಹಾಕಿದೆ. ಹಸು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿತು. ಗೊರಸು ಅತ್ತಿಗೆಯ ಎಡಗಾಲಿನ ಮೇಲೆ ಬಿತ್ತು.

ಅವರು ಕೂಗಲಿಲ್ಲ. ಹಾಲಿನ ಕ್ಯಾನನ್ನು ಮೊದಲು ದೂರ ಸರಿಸಿ, ಆಮೇಲೆ ಹಸುವಿನ ಹೊಟ್ಟೆಗೆ ಭುಜ ಕೊಟ್ಟು ತಳ್ಳಿದರು. ಫೋನಿನಲ್ಲಿ ಮಗಳು, ಅಪ್ಪನಿಗೆ ಮಧ್ಯಾಹ್ನ ಸ್ಟೆಂಟ್ ಹಾಕುತ್ತಾರೆ, ಅಮ್ಮನನ್ನು ಕರೆದುಕೊಂಡು ಬನ್ನಿ ಅಂದಳು.

ಆ ಉದ್ದ ಬೆರಳು ಮೇಲಕ್ಕೆ ತಿರುಚಿಕೊಂಡಿತ್ತು. ಆಗಲೇ ಬಾತುಕೊಳ್ಳಲು ಶುರುವಾಗಿತ್ತು. ಅತ್ತಿಗೆ ಜಗುಲಿಯ ಮೇಲೆ ಕೂತು ಕಾಲುಂಗುರವನ್ನು ತಿರುಗಿಸಿ ನೋಡಿದರು.

"ಸೋಪು ತಗೊಂಬಾ ಮರಿದಿ. ಇದನ್ನ ತೆಗೆದುಬಿಡೋಣ. ಬಾತ್ಕೊಂಡ ಮೇಲೆ ಬರಲ್ಲ."

ನಾನು ಅಲ್ಲಾಡಲಿಲ್ಲ. ನನಗೆ ಆ ಗಳಿಗೆಯಲ್ಲಿ ಕಂಡದ್ದು ನಮ್ಮಮ್ಮ. ನಾನು ಚಿಕ್ಕವನಿದ್ದಾಗ, ಕೆರೆಯಲ್ಲಿ ಬಟ್ಟೆ ಒಗೆಯುವಾಗ ಅಮ್ಮನ ಕಾಲುಂಗುರ ಜಾರಿ ನೀರಿಗೆ ಹೋಯಿತು. ಹೊಸದು ಕೊಳ್ಳುವಷ್ಟರಲ್ಲಿ ನಮ್ಮಪ್ಪ ಹೋದರು. ಅಮ್ಮ ಸಾಯುವವರೆಗೂ ಅದನ್ನೇ ಹೇಳಿಕೊಂಡು ಅತ್ತರು. ನಾನು ವಿಚಾರವಂತ ಅಂತ ಊರಲ್ಲಿ ಹೇಳಿಕೊಂಡು ತಿರುಗುವವನು. ಅಣ್ಣ ಅಲ್ಲಿ ಮಂಚದ ಮೇಲೆ ಮಲಗಿದ್ದಾಗ ನನ್ನ ವಿಚಾರವೆಲ್ಲ ಆ ಕೆರೆಯ ತಳದಲ್ಲಿತ್ತು. ಬೇಡ ಅತ್ತಿಗೆ ಅಂದೆ. ನಾಳೆ ಹಾಕ್ಕೊಂಡ್ರಾಯ್ತು ಕಣೋ, ಒಂದಿನಕ್ಕೆ ಏನಾಗುತ್ತೆ ಅಂತ ಅವರು ಅಂದರು. ಆಗ ನಾನು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. ಬರೆಯದಿದ್ದರೆ ಇಷ್ಟು ಬರೆದದ್ದಕ್ಕೂ ಅರ್ಥವಿಲ್ಲ.

"ಅಣ್ಣನ ಜೀವ ಅಲ್ಲಿ ತೂಗಾಡ್ತಿದೆ, ನೀವು ಇಲ್ಲಿ ಕಾಲುಂಗುರ ತೆಗೀತೀನಿ ಅಂತೀರಲ್ಲ. ಮಧ್ಯಾಹ್ನ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಊರು ಯಾರನ್ನ ಅನ್ನುತ್ತೆ?"

ಅತ್ತಿಗೆ ಉಂಗುರದ ಮೇಲಿದ್ದ ಕೈಯನ್ನು ತೆಗೆದರು. ಮತ್ತೆ ಅದನ್ನು ಮುಟ್ಟಲಿಲ್ಲ.

ಕೋಲಾರಕ್ಕೆ ಹೋಗುವ ದಾರಿಯಲ್ಲಿ ಮಾಲೂರಿನಲ್ಲಿ ಕಾಲು ತೋರಿಸಿಕೊಂಡು ಹೋಗೋಣವಾ ಅಂತ ಅವರೇ ಕೇಳಿದರು. ಡಾಕ್ಟರು ಏನು ಮಾಡುತ್ತಾರೆ, ಬೆರಳಿಗೆ ಬೆರಳು ಕಟ್ಟುತ್ತಾರೆ, ಅದು ನನಗೂ ಗೊತ್ತು ಅಂದೆ. ಆ ಜಗುಲಿಯ ಮೇಲೆಯೇ ಹತ್ತಿ ಇಟ್ಟೆ. ಮುರಿದ ಬೆರಳನ್ನೂ ಪಕ್ಕದ ಬೆರಳನ್ನೂ ಸೇರಿಸಿ ಪಟ್ಟಿ ಸುತ್ತಿದೆ. ಕಾಲುಂಗುರದ ಮೇಲೆಯೇ ಸುತ್ತಿದೆ. ನೀಟಾಗಿ ಬಂತು. ನೋಡಿ, ಮಾಲೂರು ಡಾಕ್ಟರು ಕಟ್ಟಿದ ಹಾಗೇ ಇದೆ ಅಂದೆ. ಅವರು ನಕ್ಕರು.

ಅಣ್ಣನಿಗೆ ಸ್ಟೆಂಟ್ ಹಾಕಿದರು. ಎಲ್ಲ ಚೆನ್ನಾಗಿ ಆಯಿತು. ಅಣ್ಣ ಅಲ್ಲಿರುವಷ್ಟು ದಿನವೂ ಅತ್ತಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತರು. ಸುತ್ತ ಬಿಳಿ ಕೋಟಿನವರು ಓಡಾಡುತ್ತಿದ್ದರು. ಒಬ್ಬರನ್ನು ನಿಲ್ಲಿಸಿ, ಸ್ವಲ್ಪ ಈ ಕಾಲು ನೋಡಿ ಅಂದಿದ್ದರೆ ಮುಗಿಯುತ್ತಿತ್ತು. ನಾನು ದಿನವೂ ನೋವಿದೆಯಾ ಅಂತ ಕೇಳುತ್ತಿದ್ದೆ. ಇಲ್ಲ ಕಣೋ, ಏನೂ ಗೊತ್ತಾಗ್ತಾ ಇಲ್ಲ ಅನ್ನುತ್ತಿದ್ದರು. ನಾನು ನನ್ನ ಕಟ್ಟಿನ ಗುಣ ಅಂದುಕೊಂಡೆ. ಊರಿನಲ್ಲಿ ಹಸು ನೋಡಿಕೊಳ್ಳುತ್ತಿದ್ದ ನೆರೆಯವರಿಗೆ ಫೋನ್ ಮಾಡಿದಾಗ ಅದನ್ನು ಹೇಳಿಕೊಂಡೆ ಕೂಡ.

ಉಗುರು ಒತ್ತಿ ನೋಡಲಿಲ್ಲ. ಒಂದು ಸಲವೂ ಒತ್ತಿ ನೋಡಲಿಲ್ಲ.

ವಾಸನೆ ಬಂದದ್ದು ಮಗಳಿಗೆ. ಅಣ್ಣನನ್ನು ಮನೆಗೆ ಕಳಿಸುವ ದಿನ, ಬ್ಯಾಗು ತುಂಬಲು ಬೆಂಚಿನ ಹತ್ತಿರ ಬಗ್ಗಿದವಳು ಸೀರೆಯ ಅಂಚು ಎತ್ತಿ ನೋಡಿದಳು. ಅದೇ ಆಸ್ಪತ್ರೆಯಲ್ಲಿ ಕೆಳಗಿನ ಕೋಣೆಗೆ ಕರೆದುಕೊಂಡು ಹೋದೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೆಂಗಸು. ಪಟ್ಟಿ ಕತ್ತರಿಸಿ ತೆಗೆದರು. ಬೆರಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಉಂಗುರ ಕಾಣಿಸಲೇ ಇಲ್ಲ. ಮಾಂಸದೊಳಗೆ ಹೂತುಹೋಗಿತ್ತು.

ಅವರು ಗದರಲಿಲ್ಲ, ಆದರೆ ಹೇಳಬೇಕಾದ್ದನ್ನು ಒಂದೂ ಬಿಡಲಿಲ್ಲ. ಬೆರಳು ಮುರಿದದ್ದು ದೊಡ್ಡ ವಿಷಯವೇ ಅಲ್ಲ, ಕಟ್ಟಿದ ರೀತಿಯೂ ತಪ್ಪಲ್ಲ, ಆದರೆ ಮೊದಲ ಕೆಲಸ ಉಂಗುರ ತೆಗೆಯುವುದು ಅಂದರು. ಬೆರಳು ಬಾತುಕೊಂಡಾಗ ಉಂಗುರ ಹಗ್ಗದಂತೆ ಬಿಗಿದು ರಕ್ತ ನಿಲ್ಲಿಸುತ್ತದೆ, ಜಾರಿ ಬರದಿದ್ದರೆ ಕತ್ತರಿಸಿಯಾದರೂ ತೆಗೆಯಬೇಕು ಅಂದರು. ಸಕ್ಕರೆ ಕಾಯಿಲೆಯವರ ಕಾಲಿಗೆ ನೋವು ಗೊತ್ತಾಗುವುದಿಲ್ಲ, ಅವರು ನೋವಿಲ್ಲ ಅಂದರೆ ಅದೇ ಹೆದರಬೇಕಾದ ಮಾತು, ಅಂಥವರು ಬೆರಳಿಗೆ ಏಟು ಬಿದ್ದ ದಿನವೇ ಆಸ್ಪತ್ರೆಗೆ ಬರಬೇಕು ಅಂದರು. ಆಮೇಲೆ ನಮ್ಮ ಮೂವರ ಮುಖವನ್ನೂ ನೋಡಿ, "ಉಂಗುರ ತೆಗೆಯೋದು ಬೇಡ ಅಂದಿದ್ದು ಯಾರು?" ಅಂತ ಕೇಳಿದರು.

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಮಾತು ಹೊರಡುವ ಮೊದಲೇ ಅತ್ತಿಗೆ, "ನಾನೇ ತಾಯಿ. ಗಂಡನಿಗೆ ಹುಷಾರಿರಲಿಲ್ಲ, ಮನಸ್ಸು ಒಪ್ಪಲಿಲ್ಲ" ಅಂದರು.

ನನಗೆ ಅಟ್ಟದ ಪಕ್ಕದಲ್ಲಿ ಒರಗಿ ನಿಂತ ಒನಕೆ ಕಣ್ಣಿಗೆ ಬಂತು. ಹತ್ತನೇ ಕ್ಲಾಸಿನ ಹುಡುಗ ಸುಮ್ಮನಿದ್ದ. ಅರವತ್ತು ದಾಟಿದ ಮುದುಕನೂ ಬಾಯಿ ಮುಚ್ಚಿಕೊಂಡ.

ಮಗಳು ಅಳುತ್ತಾ ಅಮ್ಮನನ್ನೇ ಬೈದಳು. ನಾನು ದಿನಾ ಮಕ್ಕಳಿಗೆ ಏನು ಪಾಠ ಹೇಳ್ತೀನಿ, ನನ್ನ ಮನೆಯಲ್ಲೇ ಇದಾ ಅಮ್ಮ ಅಂದಳು. ಅತ್ತಿಗೆ ಪೋನೀಲೇ ಅಂದರು. ಡಾಕ್ಟರು ಬೆರಳನ್ನು ಬುಡದಿಂದ ತೆಗೆದರು. ಪುಣ್ಯಕ್ಕೆ ಪಾದ ಉಳಿಯಿತು. ನಮ್ಮಮ್ಮ ಬಸ್ಸಿನಲ್ಲಿ ಕೂತು ಬೇಡವೆಂದಿದ್ದ ಬೆರಳು ಹೀಗೆ ಹೋಯಿತು.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಊರಿನವರು ಅಣ್ಣ ಗುಣವಾಗಿದ್ದನ್ನೂ ಅತ್ತಿಗೆಯ ಬೆರಳು ಹೋಗಿದ್ದನ್ನೂ ಒಟ್ಟಿಗೆ ಹೆಣೆದರು. ಬೆರಳು ಕೊಟ್ಟು ಗಂಡನನ್ನು ಉಳಿಸಿಕೊಂಡಳು ಅಂದರು. ಮದುವೆಮನೆಗಳಲ್ಲಿ ಹೆಂಗಸರು ಬಂದು ಆ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಲಕ್ಕೂರಿನ ಟೀ ಅಂಗಡಿಯಲ್ಲಿ ಯಾರೋ ಕೇಳಿದಾಗ ನಾನೂ ಹೌದು ಅಂದೆ. ಮುಂದಿನ ಸಲ ಯಾರೂ ಕೇಳದೆಯೇ ಹೇಳಿದೆ. ಹೇಳುತ್ತಾ ಹೇಳುತ್ತಾ ಆ ಕತೆಯಲ್ಲಿ ನನಗೆ ಕೂತುಕೊಳ್ಳಲು ಜಾಗ ಸಿಕ್ಕಿತು. ತಪ್ಪು ಮಾಡಿದವನಿಗೆ ಪವಾಡದಂಥ ಆಸರೆ ಬೇರೆ ಇಲ್ಲ. ಅತ್ತಿಗೆಗೆ ಮಾತ್ರ ಆ ಕತೆ ಕಂಡರೆ ನಗು. ಹಾಗಾದ್ರೆ ಆ ಸ್ಟೆಂಟ್ ಹಾಕಿದ ಡಾಕ್ಟ್ರು ಏನು ಕಡ್ಲೆಕಾಯಿ ಸುಲೀತಿದ್ರಾ ಅನ್ನುತ್ತಿದ್ದರು.

ಅವರು ಕುಂಟುತ್ತಾ ಹಾಲು ಕರೆದರು, ಕುಂಟುತ್ತಾ ಡೈರಿಗೆ ಹೋದರು. ಬೆರಳು ಹೋದ ಮೇಲೆ ನೆಲ ಹಿಡಿಯೋದಿಲ್ಲ ಅಂತ ಕೊಟ್ಟಿಗೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ಗೋಡೆಯಲ್ಲಿ ಅವರ ಅಂಗೈ ತಾಗುವ ಎತ್ತರಕ್ಕೆ ಒಂದು ಮಾಸಲು ಪಟ್ಟಿ ಬಿತ್ತು. ಅದು ಈಗಲೂ ಇದೆ.

ಮುಳಬಾಗಿಲಿನ ಸ್ಕೂಲಿನಲ್ಲಿ ಒಂದು ಕಾರ್ಯಕ್ರಮಕ್ಕೆ ಮಗಳು ನಮ್ಮನ್ನೆಲ್ಲ ಕರೆದಿದ್ದಳು. ಮಕ್ಕಳು ಮಾಡಿದ ವಿಜ್ಞಾನದ ಆಟಿಕೆಗಳನ್ನೆಲ್ಲ ನೋಡಿ ಮುಗಿದ ಮೇಲೆ ಅವಳು ಮೈಕಿನ ಮುಂದೆ ನಿಂತಳು. ಮೂಢನಂಬಿಕೆ ಅಂದರೆ ಎಲ್ಲೋ ದೂರದ್ದಲ್ಲ, ನನ್ನ ತಾಯಿಯೇ ಒಂದು ಕಾಲುಂಗುರ ತೆಗೆಯಲು ಒಪ್ಪದೆ ಬೆರಳು ಕಳೆದುಕೊಂಡರು ಅಂದಳು. ಅವಳ ಮಾತಿನಲ್ಲಿ ಅವಮಾನ ಇರಲಿಲ್ಲ, ನೋವಿತ್ತು. ಆದರೆ ಮಕ್ಕಳು ನೂರು ಕಣ್ಣಾಗಿ ತಿರುಗಿ ನೋಡಿದರು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಅತ್ತಿಗೆ ಎಡಗಾಲನ್ನು ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡರು. ಮುಖದಲ್ಲಿ ಮಾತ್ರ ಮಗಳು ಚೆನ್ನಾಗಿ ಮಾತಾಡುತ್ತಾಳೆ ಅನ್ನುವ ಹೆಮ್ಮೆ.

ನಾನು ಅಲ್ಲೇ ಏಳಬಹುದಿತ್ತು. ಎದ್ದು, ಅವರಲ್ಲಮ್ಮ, ನಾನು ಅನ್ನಬಹುದಿತ್ತು. ಮಕ್ಕಳು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ.

ಎರಡು ವರ್ಷ ಕಳೆದು ಅಣ್ಣ ಮಲಗಿದ್ದವನು ಏಳಲಿಲ್ಲ. ಪವಾಡದ ಕತೆ ಆವತ್ತಿಗೆ ಊರಿನ ಬಾಯಿಂದ ಬಿದ್ದುಹೋಯಿತು. ಕಾರ್ಯದ ದಿನ ಹೆಂಗಸರು ಅತ್ತಿಗೆಯನ್ನು ಕೂರಿಸಿ ಬಳೆ ತೆಗೆಸಿ, ಕಾಲುಂಗುರಕ್ಕೆ ಬಂದರು. ಬಲಗಾಲಿನದು ಒಂದೇ ಇತ್ತು. ಅದು ಸೋಪು ಹಚ್ಚುವ ಮೊದಲೇ ಜಾರಿ ಬಂತು. ಎಲ್ಲ ಮುಗಿದು ಜನ ಊಟಕ್ಕೆ ಎದ್ದ ಮೇಲೆ ನಾನು ಅವರ ಹತ್ತಿರ ಹೋಗಿ ಕೂತೆ. ಅವರು ತಮ್ಮ ಬರಿಗಾಲುಗಳನ್ನು ನೋಡುತ್ತಾ, ಸಿಟ್ಟಿಲ್ಲದೆ, ಹಸುವಿನ ಹತ್ತಿರ ಮಾತಾಡುವ ಮೆತ್ತಗಿನ ದನಿಯಲ್ಲಿ ಅಂದರು:

"ಅರ್ಧ ಕೆಲಸ ನೀನು ಮೊದಲೇ ಮುಗಿಸಿದ್ದೆ ಮರಿದಿ."

ಅಷ್ಟು ವರ್ಷಗಳಲ್ಲಿ ಅವರು ಆ ವಿಷಯ ಎತ್ತಿದ್ದು ಅದೊಂದೇ ಸಲ. ನಾನು ಅವರ ಕೈ ಹಿಡಿದು, ಮಗಳಿಗೆ ನಾನೇ ಹೇಳಿಬಿಡುತ್ತೇನೆ ಅಂದೆ. ಬೇಡ ಅಂದರು. ಅಪ್ಪನೂ ಹೋದ, ಅವಳಿಗೆ ಇನ್ನು ತಂದೆ ಸಮಾನ ಅಂತ ಇರೋದು ನೀನೊಬ್ಬ, ಅದನ್ನೂ ಯಾಕೆ ಕಿತ್ಕೋಬೇಕು, ಪೋನೀಲೇ ಅಂದರು. ಇನ್ನೊಂದು ಸಲ ಒತ್ತಾಯ ಮಾಡಬೇಕಿತ್ತು. ಅವರು ಬೇಡ ಅಂದದ್ದು ಕೇಳಿ ನನ್ನ ಎದೆ ಹಗುರಾಯಿತು. ಅಷ್ಟು ಬೇಗ ಹಗುರಾಗಬಾರದಿತ್ತು.

ಈ ವರ್ಷ ಮಾವು ಹೂ ಬಿಡುವ ಹೊತ್ತಿಗೆ ಅತ್ತಿಗೆಯೂ ಹೋದರು. ಸಕ್ಕರೆ ಕಿಡ್ನಿಗೆ ಇಳಿದಿತ್ತು. ಕೊನೆಗೆ ಅವರು ಆಡಿದ್ದೆಲ್ಲ ತೆಲುಗು, ನಾವೆಲ್ಲ ಹಸುಗಳಾಗಿದ್ದೆವೋ ದೇವರಾಗಿದ್ದೆವೋ.

ಬೆಳಗಿನ ಹೊತ್ತು. ಮಗಳು ತಾಯಿಯ ಕಾಲು ತೊಳೆದು ಅರಿಶಿನ ಹಚ್ಚಿದ್ದಳು. ಊರಿನ ಹಿರಿಯರೊಬ್ಬರು ಬಿಳಿ ಬಟ್ಟೆಯ ಒಂದು ಎಳೆ ಹರಿದು ನನ್ನ ಕೈಗೆ ಕೊಟ್ಟು, ಮನೆಗೆ ದೊಡ್ಡವನು ನೀನೇ ಅಲ್ಲವಾ, ಹೆಬ್ಬೆರಳು ಕಟ್ಟು ಅಂದರು. ಹೆಣದ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದು ನಮ್ಮಲ್ಲಿ ಪದ್ಧತಿ. ಕಾಲು ಅಗಲವಾಗದಿರಲಿ ಅಂತ.

ನಾನು ಕಾಲಬುಡದಲ್ಲಿ ಕೂತೆ. ಎಡ ಹೆಬ್ಬೆರಳಿನ ಪಕ್ಕದಲ್ಲಿ ಆ ಖಾಲಿ ಜಾಗ. ಈ ಕಾಲಿನ ಬೆರಳಿಗೆ ನಾನು ಹಿಂದೊಮ್ಮೆ ಕಟ್ಟು ಹಾಕಿದ್ದೆ. ಕೈ ಮುಂದೆ ಹೋಗಲಿಲ್ಲ. ಹೋದದ್ದು ಬೇರೆಯದಕ್ಕೆ. ನನಗೇ ಗೊತ್ತಿಲ್ಲದಂತೆ ನಾನು ಅವರ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದೆ. ಬಿಟ್ಟೆ. ಬಗ್ಗಿ ನೋಡುತ್ತಾ ಕಾದೆ.

"ಏನ್ ಮಾಡ್ತಿದ್ದೀರ ಚಿಕ್ಕಪ್ಪ?" ಅಂದಳು ಮಗಳು.

ಜನ ಸುತ್ತ ನಿಂತಿದ್ದರು. ನಾನು ಅವಳಿಗೆ ಎಲ್ಲ ಹೇಳಿದೆ. ಸೋಪು ಕೇಳಿದವರು ಅವರು, ತರದವನು ನಾನು ಅಂದೆ. ಡಾಕ್ಟರ ಹತ್ತಿರ ಹೋಗೋಣ ಅಂದವರು ಅವರು, ಬೇಡ ಅಂದವನು ನಾನು ಅಂದೆ. ಅವರಲ್ಲಿ ಮೂಢನಂಬಿಕೆ ಇರಲಿಲ್ಲಮ್ಮ, ಅದು ನನ್ನದು, ಅವರು ಹೊತ್ತುಕೊಂಡರು ಅಂದೆ. ನೀನು ಮೈಕಿನಲ್ಲಿ ಹೇಳಿದಾಗ ನಾನು ಚಪ್ಪಾಳೆ ತಟ್ಟಿದೆ ಅಂತಲೂ ಹೇಳಿದೆ.

ಅವಳು ನನ್ನ ಮುಖವನ್ನು ನೋಡಲಿಲ್ಲ. ತಾಯಿಯ ಮುಖವನ್ನು ನೋಡಿದಳು, ಬಹಳ ಹೊತ್ತು, ಯಾರದೋ ಹೊಸ ಮುಖ ನೋಡುವವಳಂತೆ. ಹಿರಿಯರು ಹೊತ್ತಾಯಿತು ಅಂದರು. ಅವಳು ಬಂದು ನನ್ನ ಎದುರು ಕೂತು, ತಾಯಿಯ ಎರಡೂ ಪಾದಗಳನ್ನು ಜೋಡಿಸಿ ಹಿಡಿದಳು.

"ಕಟ್ಟಿ" ಅಂದಳು. ಸ್ವಲ್ಪ ತಡೆದು, "ಬಿಗಿಯಾಗಿ ಬೇಡ" ಅಂದಳು.

ಆಮೇಲೆ ಅವಳು ನನ್ನೊಂದಿಗೆ ತಿಂಗಳುಗಟ್ಟಲೆ ಮಾತಾಡಲಿಲ್ಲ. ಸ್ಕೂಲು ಶುರುವಾದ ಮೇಲೆ ಒಂದು ಸಂಜೆ ಫೋನು ಬಂತು. ಈ ವರ್ಷದ ಮಕ್ಕಳಿಗೆ ಸರಿಯಾಗಿ ಹೇಳಿದೆ ಅಂದಳು. ಕಾಲಿನ ಬೆರಳಿಗೆ ಏಟು ಬಿದ್ದರೆ ಮೊದಲು ಉಂಗುರ, ಆಮೇಲೆ ಹತ್ತಿ, ಆಮೇಲೆ ಕಟ್ಟು, ದಿನಾ ಉಗುರು ಒತ್ತಿ ನೋಡುವುದು, ಸಕ್ಕರೆ ಇದ್ದವರಾದರೆ ನೇರ ಆಸ್ಪತ್ರೆ. ಎಲ್ಲ ಹೇಳಿದೆ. ಅಮ್ಮ ಸೋಪು ಕೇಳಿದ್ದನ್ನೂ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ, ನನ್ನ ಚಿಕ್ಕಪ್ಪ ಅಂತಷ್ಟೇ ಹೇಳಿದೆ ಅಂದಳು.

ಹೆಸರನ್ನೂ ಹೇಳಬಹುದಿತ್ತಮ್ಮ ಅಂದೆ.

"ಒಬ್ಬಳು ಹುಡುಗಿ ಎದ್ದು ಕೇಳಿದಳು ಚಿಕ್ಕಪ್ಪ, ನಿಮ್ ಚಿಕ್ಕಪ್ಪ ಅಷ್ಟು ವರ್ಷ ಯಾಕೆ ಸುಮ್ನಿದ್ರು ಮಿಸ್ ಅಂತ. ನಂಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದಿದೀನಿ" ಅಂದಳು.

ಧೈರ್ಯ ಇರಲಿಲ್ಲ ಅನ್ನಲು ಬಾಯಿ ತೆರೆದೆ. ಅದು ನಿಜವಲ್ಲ. ನಡುವಿನ ಗೋಡೆಯ ಬಾಗಿಲು ಎದುರಿಗೇ ಇತ್ತು. ಅದಕ್ಕೆ ನಾನು ಈಗಲೂ ಅಗುಳಿ ಹಾಕುವುದಿಲ್ಲ.

"ಸುಮ್ಮನಿರೋದು ಹಿತವಾಗಿತ್ತು ಅಂತ ಹೇಳಮ್ಮ" ಅಂದೆ. "ಬೇರೆ ಏನೂ ಇಲ್ಲ. ಹಿತವಾಗಿತ್ತು."